ತಂಗಡಿ, ಪುಂಡಿ, ನಾಯಿ ತುಳಸಿ: ನಮ್ಮ ಬಯಲುಸೀಮೆ ಗಿಡಗಳಿಂದ ಮನೆಯಲ್ಲೇ ಚಹಾ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಚಹಾ ಮಾಡೋಕೆ ಎಂಥ ಗಿಡ ಸಿಗುತ್ತದೆ ಅಂತ ಕೇಳುವವರಿದ್ದಾರೆ. ಸಿಗುತ್ತದೆ, ಬೇಕಾದಷ್ಟು ಸಿಗುತ್ತದೆ. ಹೊಲದ ಒಡ್ಡಿನ ಮೇಲೆ ತಂಗಡಿ ಹಳದಿ ಹೂ ತುಂಬಿಕೊಂಡು ನಿಂತಿರುತ್ತದೆ, ಬೇಲಿಗೆ ಶಂಖಪುಷ್ಪ ಹಬ್ಬಿರುತ್ತದೆ, ಬೀಳು ಬಿಟ್ಟ ಹೊಲದಲ್ಲಿ ಮಳೆ ಬಿದ್ದ ಮೇಲೆ ನಾಯಿ ತುಳಸಿ ತಾನಾಗಿಯೇ ಎದ್ದು ಬರುತ್ತದೆ. ನಮ್ಮ ಕಡೆ ಗಿಡ ಹುಡುಕುವುದು ಕಷ್ಟವಲ್ಲ. ಚೊಕ್ಕ ಜಾಗದಲ್ಲಿ ಬೆಳೆದ ಗಿಡ ಹುಡುಕುವುದೇ ಕಷ್ಟ. ಗಿಡಮೂಲಿಕೆ ಚಹಾದ ಬಗ್ಗೆ ಬರೆಯುವವರು ಯಾವ ಎಲೆ ಯಾವುದಕ್ಕೆ ಒಳ್ಳೆಯದು ಅಂತ ಉದ್ದ ಪಟ್ಟಿ ಕೊಡುತ್ತಾರೆ, ಆ ಎಲೆಯನ್ನು ಎಲ್ಲಿಂದ ಕಿತ್ತು ತರಬೇಕು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೇ ನಾನು ಅಲ್ಲಿಂದ ಶುರು ಮಾಡುತ್ತೇನೆ.

ಮೊದಲು ಜಾಗ ನೋಡಿ

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಕಾಲುವೆ ನೀರಿನಲ್ಲಿ ಭತ್ತ. ರಾಯಚೂರು ಕಡೆ ಹತ್ತಿ. ಬಳ್ಳಾರಿ ಕಡೆ ಮೆಣಸಿನಕಾಯಿ. ಈ ಮೂರೂ ಬೆಳೆಗೆ ಔಷಧಿ ಹೊಡೆಯುವುದು ಜಾಸ್ತಿ. ಹೊಡೆಯುವಾಗ ಗಾಳಿ ಬೀಸಿದರೆ ಅದು ಬೆಳೆಯ ಮೇಲಷ್ಟೇ ಬೀಳುವುದಿಲ್ಲ, ಒಡ್ಡಿನ ಮೇಲಿನ ಗಿಡಕ್ಕೂ ಬೀಳುತ್ತದೆ. ಒಡ್ಡಿಗೆ ಬೇರೆಯಾಗಿ ಕಳೆನಾಶಕ ಹೊಡೆಯುವ ರೂಢಿಯೂ ಈಗ ಬಂದಿದೆ, ಹೊಡೆದ ಮೊದಲ ಒಂದೆರಡು ದಿನ ಗಿಡ ಹಸಿರಾಗಿಯೇ ಇರುವುದರಿಂದ ನೋಡಿದರೆ ಗೊತ್ತಾಗುವುದಿಲ್ಲ. ಹತ್ತಿ, ಭತ್ತ, ಮೆಣಸಿನಕಾಯಿ ಹೊಲದ ಅಂಚಿನಿಂದ ಚಹಾಕ್ಕೆ ಏನನ್ನೂ ಕೀಳಬೇಡಿ. ತೊಳೆದರೆ ಹೋಗುತ್ತದೆ ಅಂದುಕೊಳ್ಳಬೇಡಿ. ಕೆಲವು ಔಷಧಿಗಳು ಎಲೆಯ ಒಳಗೇ ಇಳಿಯುತ್ತವೆ, ಅವು ನೀರಿಗೆ ಜಗ್ಗುವುದಿಲ್ಲ.

ಇನ್ನೊಂದು ದೂಳು. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿ ಓಡಾಡುವ ರಸ್ತೆ ಪಕ್ಕದ ಗಿಡಗಳನ್ನು ನೋಡಿದ್ದೀರಲ್ಲ, ಎಲೆಯ ಬಣ್ಣವೇ ಕೆಂಪು. ಹೆದ್ದಾರಿ ಪಕ್ಕದ ಗಿಡ, ಕಾರ್ಖಾನೆ ಹೊಗೆ ಅಥವಾ ಹಾರುಬೂದಿ ಬಂದು ಕೂರುವ ಕಡೆಯ ಗಿಡ, ಊರ ಚರಂಡಿ ಅಂಚಿನ ಗಿಡ, ಇವೆಲ್ಲ ಎಷ್ಟೇ ಸೊಂಪಾಗಿದ್ದರೂ ಬಿಡಿ.

ಹಾಗಾದರೆ ಎಲ್ಲಿ? ಮಳೆಯಾಶ್ರಿತ ಸಜ್ಜೆ, ನವಣೆ, ಹುರುಳಿ ಬಿತ್ತುವ ಮಸಾರಿ ಹೊಲಗಳು ಇನ್ನೂ ಅಷ್ಟು ಕೆಟ್ಟಿಲ್ಲ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆ ಇಂಥ ಹೊಲಗಳಿವೆ. ಹೊಲದವರನ್ನು ಕೇಳಿ, ಈ ವರ್ಷ ಏನಾದರೂ ಹೊಡೆದಿದ್ದೀರಾ ಅಂತ. ಒಡ್ಡಿನ ಗಿಡ ಅವರದ್ದೇ ಅಲ್ವಾ, ಕೇಳಿಯೇ ಕೀಳುವುದು ಮರ್ಯಾದೆ ಕೂಡ. ಊರ ಹಿಂದಿನ ಕಲ್ಲುಗುಡ್ಡ, ಕುರಿ ಮೇಯುವ ಗಾಯರಾಣ, ಹಳ್ಳದ ಮೇಲ್ದಂಡೆ ಇವೂ ಚೆನ್ನ. ಆದರೆ ಕಾಯ್ದಿಟ್ಟ ಅರಣ್ಯಕ್ಕೆ ಹೋಗಬೇಡಿ, ದರೋಜಿ ಕರಡಿಧಾಮದ ಸುತ್ತ ಅಂತೂ ಬೇಡವೇ ಬೇಡ. ಕಾನೂನಿನ ಮಾತು ಒಂದು ಕಡೆ, ಕರಡಿ ಇನ್ನೊಂದು ಕಡೆ.

ಎಲ್ಲಕ್ಕಿಂತ ಸುಲಭದ ದಾರಿ ಅಂದರೆ ಒಳ್ಳೆ ಜಾಗದಿಂದ ಬೀಜ ತಂದು ಹಿತ್ತಲಲ್ಲಿ ಎರಚುವುದು. ತಂಗಡಿ, ಶಂಖಪುಷ್ಪ, ನಾಯಿ ತುಳಸಿ ಮೂರೂ ನಮ್ಮ ಬಿಸಿಲಿಗೆ ಹೊಂದಿಕೊಂಡವು. ನೀರು ಕೊಟ್ಟರೂ ಬರುತ್ತವೆ, ಮರೆತರೂ ಬದುಕುತ್ತವೆ.

ಆಮೇಲೆ ಗುರುತು

ಒಂದೇ ಗಿಡಕ್ಕೆ ಕಂಪ್ಲಿಯಲ್ಲಿ ಒಂದು ಹೆಸರು, ಮಾನ್ವಿಯಲ್ಲಿ ಇನ್ನೊಂದು ಹೆಸರು ಇರಬಹುದು. ಹಾಗಾಗಿ ಹೆಸರು ಕೇಳಿ ಕೀಳಬೇಡಿ. ಎಲೆ, ಹೂ, ಕಾಯಿ, ವಾಸನೆ ನಾಲ್ಕನ್ನೂ ನೋಡಿ ಕೀಳಿ. ಹೂ ಬಿಡದ ಗಿಡವಾದರೆ ಬಿಡುವ ತನಕ ಕಾಯಿರಿ. ಫೋನಿನ ಆ್ಯಪ್ ಒಂದು ಸುಳಿವು ಕೊಡಬಹುದು ಅಷ್ಟೇ, ಅದರ ಮಾತಿನ ಮೇಲೆ ಬಾಯಿಗೆ ಹಾಕಬೇಡಿ. ಕಳೆ ತೆಗೆಯಲು ಹೋಗುವ ಹಿರಿಯ ಹೆಂಗಸರು, ಕುರಿ ಕಾಯುವವರು ಇವರಿಗೆ ಗಿಡ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಕೊಂಬೆ ಮುರಿದು ತಂದು ತೋರಿಸಿ, "ಯವ್ವಾ, ಇದನ್ನ ಕುರಿ ತಿಂತಾವೇನು?" ಅಂತ ಕೇಳಿ ನೋಡಿ, ಆ ಗಿಡದ ಜಾತಕವೇ ಹೇಳುತ್ತಾರೆ. ಕುರಿ ತಿಂದದ್ದೆಲ್ಲ ನಮಗೂ ಆಗುತ್ತದೆ ಅಂತ ಅರ್ಥವಲ್ಲ, ಆದರೆ ಕುರಿ ಮೂಸಿ ಬಿಟ್ಟದ್ದನ್ನು ನಾವೂ ಬಿಡುವುದು ಒಳ್ಳೆಯದು.

ಮುಟ್ಟಲೇಬಾರದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಉಮ್ಮತ್ತಿ, ಎಕ್ಕೆ, ಕಣಗಿಲೆ, ಗುಲಗಂಜಿ, ಹರಳು, ಲಂಟಾನ. ಇವೆಲ್ಲ ನಮ್ಮ ಹಾದಿ ಬದಿಯಲ್ಲೇ ಇರುವಂಥವು. ಕಣಗಿಲೆಯ ಒಂದೆರಡು ಎಲೆ ಕೂಡ ಹೃದಯಕ್ಕೆ ಅಪಾಯ, ಅದರ ಕೊಂಬೆಯಿಂದ ಚಹಾ ಕಲಕುವುದೂ ಬೇಡ. ಕಾಂಗ್ರೆಸ್ ಗಿಡದ ಎಲೆ ದೂರದಿಂದ ಮಾಚಿಪತ್ರೆ ಹಾಗೆ ಕಾಣುತ್ತದೆ, ಮುಟ್ಟಿದರೇ ಕೆಲವರಿಗೆ ಚರ್ಮ ಕೆರಳುತ್ತದೆ. ಅದು ಎದ್ದಿರುವ ಜಾಗದಲ್ಲಿ ಬೇರೆ ಸೊಪ್ಪನ್ನು ಹಿಡಿಗಟ್ಟಲೆ ಕೊಯ್ಯಬೇಡಿ, ಒಂದೊಂದೇ ಕೊನೆ ನೋಡಿ ಕೀಳಿ.

ನೀರು

ಇದನ್ನು ಯಾರೂ ಬರೆಯುವುದಿಲ್ಲ, ಆದರೆ ನಮ್ಮ ಮೂರು ಜಿಲ್ಲೆಗೆ ಇದು ದೊಡ್ಡ ವಿಷಯ. ಕೊಪ್ಪಳ, ರಾಯಚೂರಿನ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಲೆಕ್ಕ. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತವೆ, ಮೂಳೆ ಬಿಗಿಯುತ್ತವೆ. ನೀರು ಕುದಿಸಿದರೆ ಸೂಕ್ಷ್ಮಜೀವಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಹೋಗುವುದಿರಲಿ, ಕಷಾಯಕ್ಕೆ ಅಂತ ಎರಡು ಲೋಟ ನೀರನ್ನು ಒಂದು ಲೋಟಕ್ಕೆ ಇಳಿಸಿದರೆ ಅದೇ ಫ್ಲೋರೈಡ್ ಅರ್ಧ ನೀರಿನಲ್ಲಿ ಉಳಿದು ಎರಡು ಪಟ್ಟು ದಟ್ಟವಾಗುತ್ತದೆ. ಆರೋಗ್ಯಕ್ಕೆ ಅಂತ ಮಾಡಿದ್ದು ಆರೋಗ್ಯಕ್ಕೇ ಹೊಡೆತ.

ಆದ್ದರಿಂದ ಊರಿನ ಶುದ್ಧ ನೀರಿನ ಘಟಕದ ನೀರನ್ನೋ ಮನೆಯ ಆರ್‌ಒ ನೀರನ್ನೋ ಬಳಸಿ. ಮಳೆನೀರನ್ನು ಚೊಕ್ಕ ಛಾವಣಿಯಿಂದ ಹಿಡಿದು ಸೋಸಿಟ್ಟುಕೊಂಡಿದ್ದರೆ ಕುದಿಸಿ ಬಳಸಬಹುದು. ಮಾಮೂಲಿ ಕ್ಯಾಂಡಲ್ ಫಿಲ್ಟರ್ ಫ್ಲೋರೈಡ್ ತೆಗೆಯುವುದಿಲ್ಲ. ನಿಮ್ಮ ನೀರು ಹೇಗಿದೆ ಅಂತ ಅನುಮಾನವಿದ್ದರೆ ಪಂಚಾಯಿತಿಯಲ್ಲಿ ಕೇಳಿ, ಜಲಜೀವನ್ ಮಿಷನ್ ಅಡಿ ಹಳ್ಳಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ. ಇನ್ನೊಂದು ಮಾತು: ಮಾಮೂಲಿ ಚಹಾಗಿಡ ಮಣ್ಣಿನಿಂದ ಫ್ಲೋರೈಡ್ ಹೀರಿ ಎಲೆಯಲ್ಲಿ ಕೂಡಿಟ್ಟುಕೊಳ್ಳುವ ಗಿಡ. ದಿನಕ್ಕೆ ಐದಾರು ಸಲ ಕಡಕ್ ಚಹಾ ಕುಡಿಯುವವರು ಅದರಲ್ಲಿ ಎರಡು ಸಲ ಪುಂಡಿ ಚಹಾ, ತುಳಸಿ ಚಹಾ ಕುಡಿದರೂ ನಮ್ಮಂಥ ಊರುಗಳಲ್ಲಿ ಅದು ಒಂದು ಉಪಕಾರವೇ.

ಕೀಳುವುದು, ತೊಳೆಯುವುದು, ಒಣಗಿಸುವುದು

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಕೀಳಿ. ಒಂದೇ ಗಿಡ ಬೋಳಿಸಬೇಡಿ, ಜೇನಿಗೂ ಬೀಜಕ್ಕೂ ಬಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಬೆವರಿ ಕಪ್ಪಾಗುತ್ತದೆ, ಬಟ್ಟೆ ಚೀಲ ಅಥವಾ ಬುಟ್ಟಿ ಒಯ್ಯಿರಿ. ಮನೆಗೆ ಬಂದ ಮೇಲೆ ಹೂಗಳನ್ನು ಮೊರದಲ್ಲಿ ಹರಡಿ ಅರ್ಧ ಗಂಟೆ ಬಿಡಿ, ಒಳಗಿನ ಇರುವೆ, ಹುಳು ತಾವೇ ಹೊರಗೆ ಬರುತ್ತವೆ. ಆಮೇಲೆ ಎರಡು ನೀರಲ್ಲಿ ತೊಳೆದು ಬಟ್ಟೆಯ ಮೇಲೆ ಹರಡಿ.

ಒಣಗಿಸಲು ನಮ್ಮ ಬಿಸಿಲು ಸಾಕೋ ಸಾಕು ಅನಿಸುತ್ತದೆ, ಆದರೆ ಬಿಸಿಲಿಗೆ ಹಾಕಬೇಡಿ. 40 ಡಿಗ್ರಿ ದಾಟುವ ಏಪ್ರಿಲ್, ಮೇ ಬಿಸಿಲಿನಲ್ಲಿ ಹೂವಿನ ಬಣ್ಣ ಒಂದೇ ದಿನಕ್ಕೆ ಹೋಗುತ್ತದೆ, ಎಲೆಯ ಸುವಾಸನೆ ಅದಕ್ಕಿಂತ ಮೊದಲೇ ಹೋಗುತ್ತದೆ. ನೆರಳಲ್ಲಿ, ಗಾಳಿ ಆಡುವ ಪಡಸಾಲೆಯಲ್ಲಿ, ಮೇಲೆ ತೆಳು ಬಟ್ಟೆ ಹೊದಿಸಿ ಒಣಗಿಸಿ. ಬೇಸಿಗೆಯಲ್ಲಿ ಎರಡು ಮೂರು ದಿನ ಸಾಕು, ಮಳೆಗಾಲದಲ್ಲಿ ವಾರ ಬೇಕಾಗಬಹುದು. ಬೆರಳಲ್ಲಿ ತಿಕ್ಕಿದರೆ ಪುಡಿಯಾಗಬೇಕು. ಬಾಗಿದರೆ ಇನ್ನೂ ಒಣಗಿಲ್ಲ.

ಕುದಿಸಬೇಕೋ, ನೆನೆಸಬೇಕೋ

ಹೂ ಮತ್ತು ಸುವಾಸನೆಯ ಎಲೆ ಕುದಿಸುವುದಲ್ಲ. ನೀರು ಕುದಿಸಿ ಒಲೆ ಆರಿಸಿ, ಅದರಲ್ಲಿ ಹಾಕಿ ತಟ್ಟೆ ಮುಚ್ಚಿ ಐದರಿಂದ ಏಳು ನಿಮಿಷ ಬಿಡಬೇಕು. ಮುಚ್ಚದಿದ್ದರೆ ವಾಸನೆಯೆಲ್ಲ ಆವಿಯ ಜತೆ ಅಡುಗೆಮನೆ ಸೇರುತ್ತದೆ, ಲೋಟದಲ್ಲಿ ಬಣ್ಣದ ನೀರು ಉಳಿಯುತ್ತದೆ. ಗಟ್ಟಿ ಬೇರು, ಚಕ್ಕೆ, ಒಣಶುಂಠಿ ಇಂಥವನ್ನು ಮಾತ್ರ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಅಳತೆ ನೆನಪಿಡುವುದು ಸುಲಭ: ಒಂದು ಲೋಟ ಅಂದರೆ ಸುಮಾರು 200 ಮಿಲಿ ನೀರಿಗೆ ಒಣಗಿದ್ದು ಒಂದು ಚಹಾ ಚಮಚ, ಹಸಿಯದಾದರೆ ಎರಡರಿಂದ ಮೂರು ಚಮಚ. ಪಾತ್ರೆ ಸ್ಟೀಲಿನದ್ದಿರಲಿ. ಅಲ್ಯುಮಿನಿಯಂ ಬೇಡ, ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರವೂ ಬೇಡ, ಮುಖ್ಯವಾಗಿ ಪುಂಡಿಯಂಥ ಹುಳಿ ಪದಾರ್ಥಕ್ಕೆ.

ಇನ್ನು ಗಿಡಗಳು

ಪುಂಡಿಯಿಂದ ಶುರು ಮಾಡುತ್ತೇನೆ, ಯಾಕಂದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಪುಂಡಿ ಪಲ್ಯ ಗೊತ್ತಿಲ್ಲದ ಮನೆ ನಮ್ಮ ಕಡೆ ಇಲ್ಲ, ಆದರೆ ಸೊಪ್ಪು ತಿಂದು ಮುಗಿದ ಮೇಲೆ ಗಿಡವನ್ನು ಮರೆತುಬಿಡುತ್ತೇವೆ. ಜೂನ್, ಜುಲೈನಲ್ಲಿ ಬಿತ್ತಿದ ಪುಂಡಿ ಹಗಲು ಚಿಕ್ಕದಾಗುತ್ತಾ ಬಂದಾಗ ಹೂ ಬಿಡುತ್ತದೆ. ಹೂ ಉದುರಿದ ಮೇಲೆ ಕಾಯಿಯ ಸುತ್ತ ಇರುವ ಕೆಂಪು ಹೊದಿಕೆ ದಪ್ಪಗಾಗುತ್ತದೆ. ನಮಗೆ ಬೇಕಾದ್ದು ಅದು. ಎಲ್ಲ ಪುಂಡಿಗೂ ಇದು ಬರುವುದಿಲ್ಲ. ನಾರಿಗೆ ಬೆಳೆಯುವ ಪುಂಡಿಯಲ್ಲಿ ಹೊದಿಕೆ ತೆಳ್ಳಗೆ, ಚುಚ್ಚುವಂತೆ ಇರುತ್ತದೆ, ಅದನ್ನು ಬಿಡಿ. ಕೆಂಪು ದಂಟಿನ, ಬೆರಳಲ್ಲಿ ಒತ್ತಿದರೆ ರಸ ಬರುವ ಹೊದಿಕೆಯದ್ದನ್ನು ಆರಿಸಿ. ನವೆಂಬರ್, ಡಿಸೆಂಬರಿನಲ್ಲಿ, ಕಾಯಿ ಇನ್ನೂ ಹಸಿರಿರುವಾಗಲೇ ಕೀಳಿ. ತಳಕ್ಕೆ ಚಾಕುವಿನಿಂದ ಸುತ್ತ ಒಂದು ಗೀರು ಹಾಕಿ ಒತ್ತಿದರೆ ಬೀಜದ ಕಾಯಿ ಹೊರಗೆ ಬರುತ್ತದೆ, ಹೊದಿಕೆ ಕೈಯಲ್ಲಿ ಉಳಿಯುತ್ತದೆ. ಒಂದು ಲೋಟಕ್ಕೆ ಹಸಿಯದಾದರೆ ನಾಲ್ಕೈದು, ಒಣಗಿದ್ದಾದರೆ ಮೂರು. ಬಿಸಿನೀರಲ್ಲಿ ಹತ್ತು ನಿಮಿಷ. ಕಡುಗೆಂಪು ಬಣ್ಣ, ಹುಣಸೆಗಿಂತ ಮೆದುವಾದ ಹುಳಿ. ಸ್ವಲ್ಪ ಬೆಲ್ಲ, ಒಂದು ಚಿಟಿಕೆ ಉಪ್ಪು ಹಾಕಿ ಆರಿಸಿ ಮಡಕೆಯಲ್ಲಿಟ್ಟರೆ ರಾಯಚೂರಿನ ಮಧ್ಯಾಹ್ನಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಇದು ರಕ್ತದೊತ್ತಡವನ್ನು ಸ್ವಲ್ಪ ಇಳಿಸುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ, ಹಾಗಾಗಿ ಬಿಪಿ ಮಾತ್ರೆ ತೆಗೆದುಕೊಳ್ಳುವವರು ದಿನವೂ ಕುಡಿಯುವ ಮೊದಲು ವೈದ್ಯರಿಗೆ ಹೇಳಿ.

ತಂಗಡಿ ಹೂವಿನ ಚಹಾ ಎರಡನೆಯದು. ಪಕ್ಕದ ತೆಲಂಗಾಣಕ್ಕೆ ಇದು ರಾಜ್ಯದ ಹೂ, ಬತುಕಮ್ಮ ಹಬ್ಬದಲ್ಲಿ ಇದನ್ನು ಬೇರೆ ಹೂಗಳ ಜತೆ ಒಟ್ಟಿ ಪೂಜೆ ಮಾಡುತ್ತಾರೆ. ತಮಿಳುನಾಡಿನಲ್ಲಿ ಇದರ ಒಣ ಹೂವನ್ನು ಚಹಾಕ್ಕೆ ಅಂತಲೇ ಮಾರುತ್ತಾರೆ. ನಮ್ಮಲ್ಲಿ ಸುಮ್ನೆ ಉದುರಿ ಹೋಗುತ್ತದೆ. ಗುರುತು ಸರಿಯಾಗಿ ಹಿಡಿಯಿರಿ, ಇಲ್ಲಿ ಅವಸರ ಬೇಡ. ಹಳದಿ ಹೂವಿನ ತಗಚೆ ಜಾತಿಯ ಗಿಡಗಳು ಇದಕ್ಕೆ ಹತ್ತಿರದ ನೆಂಟರು, ಅವುಗಳಲ್ಲಿ ಕೆಲವದರ ಬೀಜ ವಿಷ. 2016ರಲ್ಲಿ ಒಡಿಶಾದ ಮಲ್ಕಾನ್‌ಗಿರಿ ಜಿಲ್ಲೆಯಲ್ಲಿ ಮಕ್ಕಳು ಸತ್ತಾಗ ಅದಕ್ಕೆ ಇಂಥ ಗಿಡದ ಬೀಜ ಕಾರಣ ಅಂತ ತಜ್ಞರು ಹೇಳಿದ್ದರು. ತಂಗಡಿಯಲ್ಲಿ ಒಂದು ಕಡ್ಡಿಗೆ ಎಂಟರಿಂದ ಹನ್ನೆರಡು ಜೋಡಿ ಸಣ್ಣ ಎಲೆ ಇರುತ್ತವೆ, ಕಡ್ಡಿ ಕಾಂಡಕ್ಕೆ ಸೇರುವ ಜಾಗದಲ್ಲಿ ಕಿವಿಯಂಥ ದುಂಡನೆ ಎಲೆಯೊಂದು ಅಂಟಿಕೊಂಡಿರುತ್ತದೆ, ಕಾಯಿ ಅಗಲವಾಗಿ ಕಾಗದದ ಹಾಗೆ ಚಪ್ಪಟೆ. ತಗಚೆಯಲ್ಲಿ ಮೂರರಿಂದ ಆರು ಜೋಡಿ ದೊಡ್ಡ ಎಲೆ, ಕಾಯಿ ಉದ್ದ ಮತ್ತು ಸಣ್ಣ, ಎಲೆ ತಿಕ್ಕಿದರೆ ಕೆಟ್ಟ ವಾಸನೆ. ಕಿವಿ ಎಲೆ ಕಾಣದಿದ್ದರೆ ಕೀಳಬೇಡಿ. ತಂಗಡಿಯಲ್ಲೂ ಹೂ ಮತ್ತು ಮೊಗ್ಗು ಮಾತ್ರ ಸಾಕು, ಕಾಯಿ, ಬೀಜ ಬೇಡ.

ಒಣಗಿದ ಹೂ ಒಂದು ಚಮಚ, ಒಂದು ಲೋಟ ನೀರು, ಒಂದು ಚೂರು ಹಸಿಶುಂಠಿ. ಐದು ನಿಮಿಷ ಮುಚ್ಚಿಡಿ. ಒಗರು ಇರುತ್ತದೆ, ಈ ಗಿಡದ ತೊಗಟೆಯನ್ನು ಚರ್ಮ ಹದ ಮಾಡಲು ಬಳಸುತ್ತಿದ್ದರು ಅಂದರೆ ಒಗರು ಎಷ್ಟಿದ್ದೀತು ನೋಡಿ. ಒಗರಿನ ಚಹಾ ಊಟದ ಜತೆ ಕುಡಿದರೆ ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ರಕ್ತ ಕಡಿಮೆ ಇರುವ ಹೆಂಗಸರು ಊಟಕ್ಕೂ ಇದಕ್ಕೂ ಒಂದು ಗಂಟೆಯಾದರೂ ಅಂತರ ಇಡಿ. ಸಕ್ಕರೆ ಕಾಯಿಲೆಗೆ ಇದು ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಇದನ್ನು ನಂಬಿ ಮಾತ್ರೆ ಬಿಡಬೇಡಿ. ಮಾತ್ರೆಯೂ ಇದೂ ಸೇರಿ ಸಕ್ಕರೆ ತೀರಾ ಇಳಿದರೆ ಅದೂ ಅಪಾಯವೇ. ದಿನಕ್ಕೆ ಒಂದು ಲೋಟ ಸಾಕು.

ನಾಯಿ ತುಳಸಿ ಮಳೆಗಾಲದ ಗಿಡ. ಚೌಕನೆ ದಂಟು, ಎದುರುಬದುರು ಎಲೆ, ತೆನೆಯ ಸುತ್ತ ಸುತ್ತಾಗಿ ಸಣ್ಣ ಬಿಳಿ ಹೂ. ಎಲೆ ತಿಕ್ಕಿದರೆ ಗಮ್ಮನೆ ವಾಸನೆ ಬರಬೇಕು, ವಾಸನೆ ಇಲ್ಲದಿದ್ದರೆ ಅದು ಬೇರೆ ಗಿಡ. ಇದು ಹೊಲದಲ್ಲಿ ಕಳೆಯಾಗಿ ಬೆಳೆಯುವುದರಿಂದ ಕಳೆನಾಶಕದ ಭಯ ಇದಕ್ಕೇ ಜಾಸ್ತಿ, ಹಿತ್ತಲಲ್ಲಿ ಬೆಳೆದದ್ದೇ ವಾಸಿ. ಎಂಟ್ಹತ್ತು ಎಲೆ, ಎರಡು ಮೆಣಸಿನಕಾಳು ಜಜ್ಜಿ, ಚೂರು ಬೆಲ್ಲ. ಮನೆ ಮುಂದಿನ ಕಟ್ಟೆಯ ತುಳಸಿಯೂ ಹೀಗೇ ಆಗುತ್ತದೆ. ನೆಗಡಿಯಾದಾಗ ಗಂಟಲಿಗೆ ಹಿತ, ಆದರೆ ಮೂರು ದಿನ ಜ್ವರ ಬಿಡದಿದ್ದರೆ ಚಹಾ ಇಟ್ಟುಕೊಂಡು ಕೂರಬೇಡಿ, ರಕ್ತ ಪರೀಕ್ಷೆ ಮಾಡಿಸಿ, ಡೆಂಗಿ ಕಾಲದಲ್ಲಿ ಅಂತೂ ಇನ್ನೂ ಬೇಗ.

ಶಂಖಪುಷ್ಪ ಮಕ್ಕಳಿಗೆ ಇಷ್ಟ. ಐದಾರು ನೀಲಿ ಹೂವಿನ ಹಸಿರು ತೊಟ್ಟು ತೆಗೆದು ದಳ ಮಾತ್ರ ಬಿಸಿನೀರಿಗೆ ಹಾಕಿ. ನೀರು ನೀಲಿಯಾಗುತ್ತದೆ, ನಿಂಬೆರಸ ಹಿಂಡಿದ ಕೂಡಲೇ ನೇರಳೆಗೆ ತಿರುಗುತ್ತದೆ. ಹುಳಿ ತಾಗಿದಾಗ ಹೂವಿನ ಬಣ್ಣ ಬದಲಾಗುವುದು ಅಷ್ಟೇ, ಮಕ್ಕಳಿಗೆ ವಿಜ್ಞಾನವೂ ಆಯಿತು. ರುಚಿ ಹೆಚ್ಚೇನಿಲ್ಲ, ಒಂದೆರಡು ತುಳಸಿ ಎಲೆ ಸೇರಿಸಿ. ಇದರ ಬೀಜ, ಬೇರು ಭೇದಿ ಮಾಡಿಸುತ್ತವೆ, ಅವು ಮಕ್ಕಳ ಕೈಗೆ ಸಿಗದಿರಲಿ.

ಬೇವಿನ ಹೂ ಯುಗಾದಿ ಹೊತ್ತಿಗೆ. ಮರದ ಕೆಳಗೆ ರಾತ್ರಿ ಒಂದು ಹಳೆ ಸೀರೆ ಹಾಸಿ, ಬೆಳಿಗ್ಗೆ ಬಿದ್ದದ್ದನ್ನು ಎತ್ತಿಕೊಳ್ಳಿ. ಒಂದು ಲೋಟಕ್ಕೆ ಅರ್ಧ ಚಮಚ ಒಣ ಹೂ ಸಾಕು, ಅಪರೂಪಕ್ಕೆ ಕುಡಿಯುವಂಥದ್ದು.

ಸುಗಂಧಿ ಬೇರಿನ ಬಗ್ಗೆ ನನ್ನದೊಂದು ಬೇಡಿಕೆ ಇದೆ. ಗುಡ್ಡದ ಪೊದೆಗಳಲ್ಲಿ ಸಿಗುತ್ತದೆ, ವಾಸನೆ ಬಹಳ ಚೆನ್ನಾಗಿದೆ, ಆದರೆ ಬೇರು ಅಗೆದರೆ ಗಿಡ ಉಳಿಯುವುದಿಲ್ಲ. ಎಲ್ಲರೂ ಅಗೆಯುತ್ತಾ ಹೋದರೆ ನಮ್ಮ ಗುಡ್ಡಗಳಲ್ಲಿ ಇದು ಬರೀ ನೆನಪಾಗುತ್ತದೆ. ಬೇಕಾದರೆ ಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ ಒಣ ಬೇರು ಕೊಳ್ಳಿ. ಬೇರು ಗಟ್ಟಿ ಇದ್ದರೂ ಇದನ್ನು ಮಾತ್ರ ಕುದಿಸಬೇಡಿ, ಇದರ ಘಮ ಆವಿಯಲ್ಲಿ ಹಾರಿಹೋಗುವಂಥದ್ದು. ಜಜ್ಜಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಮುಚ್ಚಿ ಬಿಸಿ ಮಾಡಿ ಇಳಿಸಿ.

ಅಮೃತಬಳ್ಳಿ ಯಾಕೆ ಹೇಳಲಿಲ್ಲ ಅಂತ ಕೇಳುತ್ತೀರಿ. ಕೊರೊನಾ ಕಾಲದಲ್ಲಿ ಜನ ಅದನ್ನು ಲೀಟರುಗಟ್ಟಲೆ ಕುಡಿದರು. 2021ರಲ್ಲಿ ಮುಂಬೈ ವೈದ್ಯರು ಅದನ್ನು ಕುಡಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು ವರದಿ ಮಾಡಿದರು. ಅದು ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಅಂತ ಆಯುಷ್ ಸಚಿವಾಲಯ ಹೇಳಿತು. ಎರಡು ಬಳ್ಳಿಯೂ ನೋಡಲು ಒಂದೇ ಥರ ಇರುವುದರಿಂದ ನನ್ನ ಮಾತು ಇಷ್ಟೇ, ವೈದ್ಯರು ಹೇಳದೆ ಮನೆಯಲ್ಲಿ ಇದನ್ನು ದಿನವೂ ಕುಡಿಯಬೇಡಿ. ಕಾಮಾಲೆಗೆ ನೆಲನೆಲ್ಲಿ, ಕೆಮ್ಮಿಗೆ ಆಡುಸೋಗೆ ಇವನ್ನೂ ನಾನು ಚಹಾದ ಲೆಕ್ಕಕ್ಕೆ ಸೇರಿಸುವುದಿಲ್ಲ, ಅವು ಔಷಧಿ.

ಬಸುರಿಯರು, ಹಾಲೂಡಿಸುವ ತಾಯಂದಿರು, ಐದು ವರ್ಷದೊಳಗಿನ ಮಕ್ಕಳು, ಕಿಡ್ನಿ ಅಥವಾ ಯಕೃತ್ತಿನ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಇವನ್ನು ತಾವಾಗಿಯೇ ಶುರು ಮಾಡುವುದು ಬೇಡ. ಉಳಿದವರು ಹೊಸ ಗಿಡವನ್ನು ಮೊದಲ ದಿನ ಕಾಲು ಲೋಟ ಕುಡಿದು ನೋಡಿ. ಒಂದು ಸಲಕ್ಕೆ ಒಂದೇ ಗಿಡ. ಮೂರ್ನಾಲ್ಕು ಬೆರೆಸಿ ಕುಡಿದು ಮೈ ಕೆರೆದರೆ ಯಾವುದು ಆಗಲಿಲ್ಲ ಅಂತ ಹೇಗೆ ಗೊತ್ತಾಗಬೇಕು?

ಮಾಡಿದ ಚಹಾ ಅವತ್ತೇ ಮುಗಿಸಿ, ನಮ್ಮ ಸೆಖೆಗೆ ಸಂಜೆ ಹೊತ್ತಿಗೆ ಹುಳಿಯಾಗುತ್ತದೆ. ಒಣಗಿಸಿದ್ದನ್ನು ಗಾಜಿನ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ಒಲೆಯಿಂದ ದೂರ, ಕತ್ತಲಲ್ಲಿಡಿ. ಡಬ್ಬಿಯ ಮೇಲೆ ಗಿಡದ ಹೆಸರು, ಕಿತ್ತ ತಿಂಗಳು, ಯಾವ ಹೊಲದ್ದು ಅಂತ ಬರೆದು ಅಂಟಿಸಿ. ಒಂದು ಹೊಲದ್ದು ಕುಡಿದಾಗ ಬಾಯಿ ಉರಿದರೆ ಅಥವಾ ಹೊಟ್ಟೆ ಕೆಟ್ಟರೆ ಆ ಹೊಲದ ಉಳಿದ ಡಬ್ಬಿಗಳನ್ನೂ ಚೆಲ್ಲಲು ಇದು ಬೇಕಾಗುತ್ತದೆ. ಹೂ ಆರು ತಿಂಗಳು, ಎಲೆಯೂ ಹೆಚ್ಚುಕಡಿಮೆ ಅಷ್ಟೇ, ಪುಂಡಿ ಹೊದಿಕೆ ಮುಂದಿನ ಸುಗ್ಗಿಯ ತನಕ ಬರುತ್ತದೆ. ಬೂಸು ಕಂಡರೆ ಮೇಲಿನದ್ದು ತೆಗೆದು ಕೆಳಗಿನದ್ದು ಬಳಸಬೇಡಿ, ಪೂರಾ ತಿಪ್ಪೆಗೆ ಹಾಕಿ.